ಒಂದು ಬೆರಳು ಹೆಚ್ಚು

ಜೂನ್ ೪

ಅಪ್ಪ,

ಈಗ ಬೆಳಗಿನ ಜಾವ ಮೂರು ಗಂಟೆ. ಕೆಳಮನೆಯ ಬ್ರೆಡ್ ವ್ಯಾನಿನವರು ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಎಸೆಯುವ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಸುಳ್ಳೇ. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಲ್ಲೇ ತೂಕಡಿಸಿದ್ದೆ. ಉಸಿರಾಡುತ್ತಿದ್ದಾಳೆ. ನಿಮಗೆ ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ವ್ಯಾನಿನವರು ನಿಮ್ಮ ಪಕ್ಕದ ಅಂಗಡಿಗೆ ಬ್ರೆಡ್ ಇಳಿಸುವಾಗಲೇ ಹೇಳಿರಬೇಕು. ಅವರ ಹೊಟ್ಟೆಯಲ್ಲಿ ಯಾವ ಮಾತು ನಿಂತಿದೆ? ಈ ಕಾಗದವೂ ಅವರ ಕೈಯಲ್ಲೇ ಬರುತ್ತಿದೆ.

ಮುರಿದದ್ದನ್ನು ಜೋಡಿಸಲು ಬರೆಯುತ್ತಿಲ್ಲ. ನನ್ನ ಮದುವೆಗೆ ನೀವು ಬರಲಿಲ್ಲ, ನಾನೂ ಆಮೇಲೆ ಬರಲಿಲ್ಲ, ಅದು ಅಲ್ಲಿಗಾಯಿತು. ಈಗ ಒಂದು ಕೆಲಸವಿದೆ, ನಿಮ್ಮ ಸೀಟು ಹೊಲಿಯುವ ಕೆಲಸವೇ.

ಹೋದ ವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಮಗು ಅತ್ತಿತು. ಅರ್ಧ ಸ್ನಾನಕ್ಕೇ ಓಡಿ ಬಂದರೆ, ಇವರು ತೊಟ್ಟಿಲ ಪಕ್ಕದಲ್ಲೇ ಕೈ ಕಟ್ಟಿಕೊಂಡು ನಿಂತಿದ್ದಾರೆ. "ಎತ್ಕೊಳ್ಳೋಕೆ ಏನಾಗಿತ್ತು?" ಅಂದೆ. "ನೀನು ಬರ್ತಿದ್ದೀಯಲ್ಲ" ಅಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತಿಂದ ಮಾತು ಬಿಟ್ಟೆ. ಹೆಣ್ಣು ಹುಟ್ಟಿತೆಂದು ಇವರಿಗೆ ಬೇಸರವೋ, ಮಗುವೇ ಬೇಡವಾಗಿತ್ತೋ ಎಂದು ರಾತ್ರಿಯೆಲ್ಲ ಇಲ್ಲದ್ದನ್ನು ನೇಯುತ್ತಾ ಕೂತೆ. ಮೊನ್ನೆ ಬೆಳಿಗ್ಗೆ ಬಾಗಿಲ ಸಂದಿಯಿಂದ ಕಂಡಿತು. ಶೂ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಾಗದೆ ಗೋಡೆಗೆ ಹಣೆಯೊತ್ತಿ ನಿಂತಿದ್ದರು. ಸೊಂಟ, ಅಪ್ಪ. ಆ ಪುಟ್ಟ ವಿಮಾನದ ಸೀಟಿನಲ್ಲಿ ಔಷಧಿ ಪೆಟ್ಟಿಗೆ, ಟಪಾಲು ಚೀಲ ಹೇರಿಕೊಂಡು ದಿನವಿಡೀ ಕೂತು ಕೂತು ಹೀಗಾಗಿದೆ. ಫೋಮ್ ಸತ್ತು ಹಲಗೆಯಾಗಿದೆಯಂತೆ. ಮಾಲೀಕರನ್ನು ಕೇಳಿದರೆ "ಸೋಫಾ ಬೇಕಾದ್ರೆ ಮನೇಲಿ ಕೂತ್ಕೊಳ್ಳಿ" ಎಂದು ನಗುತ್ತಾರಂತೆ. ಅಗ್ಗವಾದರೆ ಮಾತ್ರ ಹೊಸದು ಹಾಕಿಸಿಕೊಳ್ಳಿ ಎಂದಿದ್ದಾರೆ.

ಊರಲ್ಲಿ ಹಾಸಿಗೆ ಅಂಗಡಿಗಳಿಗೆ ಬರವಿಲ್ಲ. ಆದರೆ ಯಾವ ಫೋಮ್ ಎಂದು ಯಾರನ್ನು ಕೇಳಲಿ? ಗೊತ್ತಿರುವುದು ನಿಮಗೆ.

ನಿಮ್ಮ ಮಗಳು


ಜೂನ್ ೧೧

ಮೊಂಡಿ,

ಕಾಗದ ತಲುಪಿತು, ಜೊತೆಗೆ ವ್ಯಾನಿನವನ ಬಾಯಿವಾರ್ತೆಯೂ. ಮಗು ನಿನ್ನ ಅಮ್ಮನ ಹಣೆ ಹೊತ್ತು ಬಂದಿದೆಯಂತೆ. ಅವನಿಗೇನು ಗೊತ್ತು, ಅವಳನ್ನು ನೋಡಿದವನೇ ಅಲ್ಲ.

ಮೊದಲು ನನಗೆ ನೀನು ಅಂತಿದ್ದೆ. ಈಗ ನೀವು. ಇರಲಿ.

ಹಾಸಿಗೆ ಅಂಗಡಿ ಕಡೆ ತಲೆ ಹಾಕಬೇಡ. ಅವರ ಫೋಮಿಗೆ ಕಿಡಿ ತಗುಲಿದರೆ ಕರಗಿ ತೊಟ್ಟಿಕ್ಕುತ್ತೆ. ಮನೆಯಲ್ಲಾದರೆ ಎದ್ದು ಓಡಬಹುದು, ಆಕಾಶದಲ್ಲಿ ಎಲ್ಲಿಗೆ ಓಡ್ತಾನೆ ನಿನ್ನ ಪೈಲಟ್? ವ್ಯಾನಿನ ಟ್ರೇ ಮೇಲೆ ಫೋಮಿನ ಮೂರು ತುಂಡು ಕಳಿಸಿದ್ದೇನೆ. ಮೂರಕ್ಕೂ ಬೆಂಕಿ ತೋರಿಸಿ ನೋಡಿದ್ದೇನೆ, ಕಡ್ಡಿ ತೆಗೆದರೆ ತಾನೇ ಆರುತ್ತೆ. ನೀನು ಮಾಡಲು ಹೋಗಬೇಡ, ಕೂಸಿಗೆ ಹೊಗೆ.

ಫೋಮನ್ನು ಬೆರಳಲ್ಲಿ ಒತ್ತಿ ಆರಿಸುವವರು ದಡ್ಡರು. ಅಂಗಡಿಯಲ್ಲಿ ಎಲ್ಲಾ ಮೆತ್ತಗೇ ಇರುತ್ತೆ. ಕೂತು ನೋಡಬೇಕು, ಅದೂ ಬೇಸರ ಬರುವ ತನಕ. ನೀನು ರಾತ್ರಿಯೆಲ್ಲ ಕುರ್ಚಿಯಲ್ಲೇ ಇರ್ತೀಯಂತೆ. ಹಾಗಾದರೆ ನೀನೇ ಕೂತು ಬರಿ. ಹಳೆಯ ಕುಶನ್ನನ್ನು ಒಂದು ಹಗಲಿಗೆ ಕಳಿಸಿಕೊಡು, ಅಳತೆ ತೆಗೆದು ವಾಪಸ್ ಮಾಡ್ತೀನಿ.

ಅಪ್ಪ


ಜೂನ್ ೨೮

ಅಪ್ಪ,

ಹಳದಿ ತುಂಡು: ಮೊದಲು ಮೋಡದ ಮೇಲೆ ಕೂತ ಹಾಗೆ. ಮಗು ಒಂದು ಮಗ್ಗುಲು ಹಾಲು ಕುಡಿದು ಮುಗಿಸುವಷ್ಟರಲ್ಲಿ ಕುರ್ಚಿಯ ಹಲಗೆ ಮೂಳೆಯನ್ನು ಮಾತಾಡಿಸಿತು. ಸಿಹಿ ಮಾತಿನ ನೆಂಟರ ಹಾಗೆ, ಬಂದಾಗ ಮಾತ್ರ ಚೆಂದ.

ಚೂರು ಚೂರು ಫೋಮನ್ನು ಅಂಟಿಸಿ ಮಾಡಿದ್ದು: ಕಲ್ಲು. ಆದರೆ ಮೋಸವಿಲ್ಲ, ಮೊದಲು ಹೇಗಿತ್ತೋ ಕೊನೆಗೂ ಹಾಗೇ. ಬಿಸಿಯಾದರೆ ಹಳೆಯ ಗೋಂದಿನ ವಾಸನೆ ಬರುತ್ತದೆ.

ಬೂದು ಬಣ್ಣದ್ದು: ಅಪ್ಪ, ಇದೆಂಥ ಪದಾರ್ಥ? ಕೈ ಒತ್ತಿ ತೆಗೆದರೆ ಕೈಯ ಗುರುತು ಹಾಗೇ ನಿಂತು, ಆಮೇಲೆ ಯೋಚನೆ ಮಾಡಿಕೊಂಡು ನಿಧಾನಕ್ಕೆ ಮೇಲೆ ಬರುತ್ತದೆ. ಮೈ ಶಾಖಕ್ಕೆ ಮೆತ್ತಗಾಗುತ್ತದೆ. ಅದರ ಮೇಲೆ ಕೂತೇ ಮೊದಲ ಬಾರಿಗೆ, ಹೆರಿಗೆಯಾದ ಮೇಲೆ ಮೊದಲ ಬಾರಿಗೆ, ಮಗುವನ್ನು ಎದೆಗೊತ್ತಿಕೊಂಡು ನಿದ್ದೆ ಹೋದೆ. ಎದ್ದು ಹೆದರಿ ಸತ್ತೆ. ಜಾರಿ ಬಿದ್ದಿದ್ದರೆ? ಅವತ್ತಿಂದ ಮತ್ತೆ ನಿದ್ದೆಯಿಲ್ಲ. ಒಂದೇ ದೂರು: ಬೆಳಗಿನ ಚಳಿಗೆ ಇದು ಮರದ ತುಂಡಿನಷ್ಟು ಬಿರುಸಾಗಿರುತ್ತದೆ, ಕೂತು ಕಾಯಿಸಬೇಕು.

ನನಗೆ ಬೂದುಬಣ್ಣದ್ದೇ ಬೇಕು. ಪೂರ್ತಿ ಅದರಲ್ಲೇ ಹೊಲಿಯಿರಿ.

ಆ ಸೀಟಿನ ಮೇಲೆ ನಾನೂ ಒಮ್ಮೆ ಕೂತಿದ್ದೇನೆ, ನಿಮಗೆ ಗೊತ್ತಿಲ್ಲ. ತುಂಬು ಬಸುರಿಯಾಗಿದ್ದಾಗ ಇವರು ವಿಮಾನದ ಶೆಡ್ಡಿಗೆ ಕರೆದುಕೊಂಡು ಹೋಗಿದ್ದರು. ಕಾಲುಗಳ ನಡುವೆ ನಿಂತಿರುತ್ತದಲ್ಲ, ವಿಮಾನ ಏರಿಳಿಸುವ ಸ್ಟಿಕ್, ಅದನ್ನು ಹಿಂದಕ್ಕೆಳೆಯಲು ಹೇಳಿದರು. ಎಳೆದರೆ ಅರ್ಧಕ್ಕೇ ನನ್ನ ಹೊಟ್ಟೆಗೆ ತಾಗಿ ನಿಂತಿತು. ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕರು. "ಮೇಡಮ್ಮು ಏರಬಹುದು, ಇಳಿಯೋ ಹಾಗಿಲ್ಲ! ಇಳೀಬೇಕಾದ್ರೆ ಇದು ಪೂರಾ ಹಿಂದಕ್ಕೆ ಬರಬೇಕು" ಅಂದರು. ಇವರು ಹೊಟ್ಟೆ ಮುಟ್ಟಿ, "ಒಳಗಿರೋರೇ, ದಾರಿ ಬಿಡಿ" ಅಂದರು. ಈ ವರ್ಷ ನಾನು ನಕ್ಕಿದ್ದು ಅದೊಂದೇ ದಿನ.

ನಿಮ್ಮ ಮಗಳು


ಜುಲೈ ೯

ಮೊಂಡಿ,

ಪೂರ್ತಿ ಬೂದು ಆಗಲ್ಲ. ನಿನ್ನ ಮಾಲೀಕನ ಕೈಗೆಟಕುವ ವಸ್ತು ಅಲ್ಲ ಅದು, ಒಂದು ಕಾರಣ. ಇನ್ನೊಂದು, ಕೂಸು ಹೊತ್ತ ನಿನ್ನ ತೂಕ ಬೇರೆ, ಅವನ ತೂಕ ಬೇರೆ. ಬರೀ ಬೂದಿನ ಮೇಲೆ ಅವನು ಮುಳುಗಿ ತಳ ಕಾಣ್ತಾನೆ. ಅಡಿಯಲ್ಲಿ ನೀನು ಕಲ್ಲು ಅಂದೆಯಲ್ಲ ಆ ಚೂರಿನದು, ನಡುವೆ ಬಿಗಿಯಾದ ಬಿಳಿ ಫೋಮ್, ಮೇಲೆ ಬೂದಿನ ಹಾಳೆ ಸೀಳಿ ಒಂದು ಬೆರಳು ದಪ್ಪ ಪದರ. ಅಷ್ಟು ಸಾಕು. ಕಾಸಿಗೂ ಹಗುರ, ಸೊಂಟಕ್ಕೂ ಹಗುರ.

ಒಟ್ಟು ದಪ್ಪ ಹಳೆಯ ಕುಶನ್ ಹೊಸದಾಗಿದ್ದಾಗ ಎಷ್ಟಿತ್ತೋ ಅಷ್ಟೇ. ಕಾರಿನ ಸೀಟಾದರೆ ನೀನು ಹೇಳಿದಷ್ಟು ತುಂಬ್ತೀನಿ, ಅದು ನಿನ್ನದು. ಇಲ್ಲಿ ಎತ್ತರ ನಿನ್ನದೂ ಅಲ್ಲ, ನನ್ನದೂ ಅಲ್ಲ, ವಿಮಾನದ್ದು.

ಕೂಸಿಗೆ ಹೆಸರಿಟ್ಟರೋ? ಸುಮ್ಮನೆ ಕೇಳಿದೆ.

ಅಪ್ಪ


ಜುಲೈ ೨೫

ಅಪ್ಪ,

ಇವರಿಗೆ ಹೆಚ್ಚಾಗಿದೆ. ನಿನ್ನೆ ಬಂದವರು ಊಟಕ್ಕೂ ಕೂರದೆ ನೆಲದ ಮೇಲೆ ಅಂಗಾತ ಮಲಗಿದರು. ಮಗುವನ್ನು ಎದೆಯ ಮೇಲೆ ಮಲಗಿಸು ಎಂದರು, ಮಲಗಿಸಿದೆ. ಅವಳ ತೂಕಕ್ಕೂ ಮುಖ ಕಿವುಚಿದರು. ಆದರೂ "ತೆಗೀಬೇಡ, ಇರಲಿ" ಅಂದರು. ಒಬ್ಬ ಅಪ್ಪ ಮಗಳನ್ನು ಎತ್ತಿಕೊಳ್ಳುವುದು ಹೀಗೋ?

ಅದಕ್ಕೆ ಕೇಳುತ್ತಿದ್ದೇನೆ, ಮೇಲಿನ ಬೂದು ಪದರ ಎರಡು ಬೆರಳು ಇರಲಿ. ಒಂದು ಬೆರಳು ಹೆಚ್ಚು ಹಾಕಿದರೆ ಆಕಾಶ ಕೆಳಗೆ ಬೀಳುತ್ತದೆಯೇ? ರಾತ್ರಿಯೆಲ್ಲ ಅದರ ಮೇಲೆ ಕೂತವಳು ನಾನು. ಒಂದಕ್ಕೂ ಎರಡಕ್ಕೂ ಎಷ್ಟು ವ್ಯತ್ಯಾಸವೆಂದು ನನ್ನ ಮೂಳೆಗೆ ಗೊತ್ತು.

ಇನ್ನೊಂದು ಮಾತು ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳಿ. ಹೋದ ವಾರ ಗಾಳಿ ಜೋರಾಗಿ ಕಿಟಕಿ ಬಡಿಯಿತು. ಮಗುವನ್ನು ಎತ್ತಿಕೊಂಡು ಔಷಧಿ ಅಂಗಡಿಗೆ ಓಡಿ ವಿಮಾನದ ಶೆಡ್ಡಿಗೆ ಫೋನ್ ಮಾಡಿದೆ. ಇವರನ್ನು ಹಾರಲು ಬಿಡಬೇಡಿ ಎಂದು ಕೂಗಾಡಿದೆ. ಅವರು ನಿಲ್ಲಿಸಿಯೂಬಿಟ್ಟರು. ಆಮೇಲೆ ನೋಡಿದರೆ ಅಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ. ಈಗ ಶೆಡ್ಡಿನವರೆಲ್ಲ ಇವರನ್ನು "ಮನೆಯಿಂದ ಪರ್ಮಿಷನ್ ಬಂತಾ ಸಾರ್?" ಎಂದು ಕೆಣಕುತ್ತಾರಂತೆ. "ಇನ್ನೊಂದ್ಸಲ ಫೋನ್ ಮಾಡಿದ್ರೆ ನನ್ನ ಕೆಲಸ ಹೋಗುತ್ತೆ, ನಿನ್ನ ಕೈ ಮುಗೀತೀನಿ" ಅಂದರು ಇವರು. ಬಾಣಂತಿ ಭಯ ಎಂದು ಡಾಕ್ಟರು ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ನುಂಗಿಲ್ಲ. ನಾನು ಮಲಗಿದರೆ ಇವಳ ಉಸಿರು ನೋಡುವವರು ಯಾರು?

ಎರಡು ಬೆರಳು, ಅಪ್ಪ.

ನಿಮ್ಮ ಮಗಳು


ಆಗಸ್ಟ್ ೬

ಮೊಂಡಿ,

ಆಗಲ್ಲ ಅಂದಮೇಲೆ ಆಗಲ್ಲ. ಮತ್ತೆ ಆ ಮಾತು ಬೇಡ.

ನಿನ್ನ ಮದುವೆಗೆ ಯಾಕೆ ಬರಲಿಲ್ಲ ಅಂತ ನೀನು ಕೇಳಲೇ ಇಲ್ಲ, ನಾನೂ ಹೇಳಲಿಲ್ಲ. ಜಾತಿ, ದುಡ್ಡು, ಏನೇನೋ ನೀನೇ ಅಂದುಕೊಂಡೆ. ನಾನು ಹೊಲಿದ ವಿಮಾನದ ಸೀಟುಗಳು ನನ್ನ ಹತ್ತಿರ ವಾಪಸ್ ಬರ್ತವೆ, ಮೊಂಡಿ. ರೆಕ್ಸಿನ್ ಬಿಚ್ಚಿ ಹೊಸದು ಹಾಕಿ ಅಂತ ತಂದು ಹಾಕ್ತಾರೆ. ಕೂತಿದ್ದವರು ಎಲ್ಲ ಸಲವೂ ವಾಪಸ್ ಬರಲ್ಲ. ಬಿಚ್ಚುವವನಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ. ಅಂಥವರಿಗೆ ಮಗಳನ್ನು ಕೊಟ್ಟು ಅಂಗಡಿಯಲ್ಲಿ ಕೂತು ಯಾವ ಸೀಟು ಬರುತ್ತೆ ಅಂತ ಕಾಯೋಕೆ ನನ್ನಿಂದ ಆಗ್ತಿರಲಿಲ್ಲ. ಈಗಲೂ ಕಾಯ್ತಾನೇ ಇದ್ದೀನಿ, ಅದು ಬೇರೆ ಮಾತು.

ಡಾಕ್ಟರ ಮಾತ್ರೆ ನುಂಗು.

ಅಪ್ಪ


ಆಗಸ್ಟ್ ೧೦

ಅಪ್ಪ,

ಮಗುವಿನ ಫೋಟೋ ಇಟ್ಟಿದ್ದೇನೆ. ಸ್ಟುಡಿಯೋದವರು "ಸಾರ್, ಮಗೂನ ನೀವು ಎತ್ಕೊಳ್ಳಿ, ಚೆನ್ನಾಗಿ ಬರುತ್ತೆ" ಎಂದರು. ಇವರು ನನ್ನ ಮುಖ ನೋಡಿದರು. ಅದಕ್ಕೇ ಅವಳು ನನ್ನ ತೋಳಲ್ಲಿದ್ದಾಳೆ. ಇವರು ಪಕ್ಕದಲ್ಲಿ ಕೈ ಹಿಂದೆ ಕಟ್ಟಿ, ಯಾರದೋ ಮನೆಯ ಫೋಟೋದಲ್ಲಿ ನಿಂತವರ ಹಾಗೆ.

ಇನ್ನು ಏನೂ ಕೇಳುವುದಿಲ್ಲ. ನಿಮಗೆ ತಿಳಿದಂತೆ ಹೊಲಿಯಿರಿ.

ನಿಮ್ಮ ಮಗಳು


ಸೆಪ್ಟೆಂಬರ್ ೨

ಮೊಂಡಿ,

ಸೀಟು ಸಿದ್ಧ. ಶೆಡ್ಡಿಗೆ ನಾನೇ ಹೋಗಿ ಕೊಟ್ಟು ಬಂದೆ, ಅಳಿಯ ಇರಲಿಲ್ಲ, ಹಾರಲು ಹೋಗಿದ್ದ. ಅವನು ಕೂತು ನೋಡಲಿ. ಹೇಗಿದೆ ಅಂತ ಅವನ ಬಾಯಲ್ಲೇ ಕೇಳು, ನನಗೆ ಬರಿ. ಇಷ್ಟು ವರ್ಷದಲ್ಲಿ ಯಾರಿಗೂ ಹೀಗೆ ಹೊಲಿದಿಲ್ಲ ನಾನು.

ಫೋಟೋ ಮೆಷಿನ್ ಎದುರಿಗಿನ ಗೋಡೆಗೆ ಅಂಟಿಸಿದ್ದೇನೆ. ಹೊಲಿಯುವಾಗ ತಲೆ ಎತ್ತಿದರೆ ಅವನೇ ಕಾಣ್ತಾನೆ, ಕೈ ಹಿಂದೆ ಕಟ್ಟಿಕೊಂಡು. ಒಳ್ಳೆ ಕಾಟ.

ಮೇಲಿನ ಪದರದ ಹಾಳೆಯಲ್ಲಿ ಮಿಕ್ಕಿದ್ದನ್ನು ಕೂಸಿನ ತೊಟ್ಟಿಲ ಅಳತೆಗೆ ಕತ್ತರಿಸಿ ಕಳಿಸಿದ್ದೇನೆ. ಹಾಸಿಗೆಯ ಅಡಿಗೆ ಹಾಕು, ಮೇಲೆ ಹಾಕಬೇಡ. ಭಾನುವಾರ ಬರ್ತೀನಿ. ಬಾಗಿಲು ತೆಗೀತೀಯೋ ಇಲ್ಲವೋ ನಿನ್ನಿಷ್ಟ.

ಅಪ್ಪ


ಸೆಪ್ಟೆಂಬರ್ ೫

ಅಪ್ಪ,

ಎರಡೂವರೆ ಗಂಟೆ. ಟಕ್, ಟಕ್ ಎಂಬ ಸದ್ದು ಎಬ್ಬಿಸಿತು. ಕಳ್ಳನೋ, ಕಿಟಕಿಯೋ ಎಂದುಕೊಂಡೆ. ನೋಡಿದರೆ ಮಗು. ನಿದ್ದೆಗಣ್ಣಲ್ಲಿ ಕಾಲು ಒದೆಯುತ್ತಿದ್ದಳು, ಹಿಮ್ಮಡಿ ತೊಟ್ಟಿಲ ಕಂಬಿಗೆ ಬಡಿಯುತ್ತಿತ್ತು. ಇದುವರೆಗೆ ಅವಳ ಕಾಲು ಕಂಬಿಗೆ ತಾಗಿದ್ದೇ ಇಲ್ಲ. ಕಂಬಿಯ ಕೆಳಗೆ ಅಡ್ಡ ಹಲಗೆಯಿದೆ, ಅದರ ಮರೆಯಲ್ಲಿ ಮಲಗುತ್ತಿದ್ದಳು. ನಿನ್ನೆ ಸಂಜೆ ನೀವು ಕಳಿಸಿದ ತುಂಡನ್ನು ಹಾಸಿಗೆಯ ಅಡಿಗೆ ಹಾಕಿದೆ. ಅವಳು ಮೇಲೆ ಬಂದಿದ್ದಾಳೆ.

ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಆ ತುಂಡನ್ನು ಹೊರಗೆಳೆದು ನೋಡಿದೆ. ದೀಪದ ಹತ್ತಿರ ತಂದು ಅಂಚಿಗೆ ಬೆರಳಿಟ್ಟೆ. ಎರಡು ಬೆರಳು ದಪ್ಪ. ಮತ್ತೆ ಇಟ್ಟೆ. ಎರಡೇ. ಸೀಟಿಗೆ ಹಾಕಿ ಮಿಕ್ಕಿದ ಹಾಳೆ ಎಂದು ನೀವೇ ಬರೆದಿದ್ದೀರಿ. ಒಂದು ಬೆರಳಿಗೆ ಸೀಳಿದ್ದರೆ ಮಿಕ್ಕಿದ್ದೂ ಒಂದೇ ಬೆರಳು ಇರಬೇಕಿತ್ತಲ್ಲ. ನೀವು ಸೀಳಲಿಲ್ಲ. ಸೀಳಲು ಮನಸ್ಸು ಬರಲಿಲ್ಲ. ಇಷ್ಟು ವರ್ಷದಲ್ಲಿ ಯಾರಿಗೂ ಹೀಗೆ ಹೊಲಿದಿಲ್ಲ ಎಂದದ್ದು ಇದನ್ನೇ ಅಲ್ಲವೇ?

ನಿನ್ನೆ ಸಂಜೆ ನಿಮಗೊಂದು ಕಾಗದ ಬರೆದಿಟ್ಟಿದ್ದೆ. ಈಗ ಹರಿದು ಹಾಕಿದೆ. ಅದರಲ್ಲಿ ಬರೀ ಸಂತೋಷವಿತ್ತು. ಇವರು ಮಧ್ಯಾಹ್ನ ಮನೆಗೆ ಬಂದು, "ನಿಮ್ಮಪ್ಪನ ಸೀಟು ಹೇಗಿದೆ ಗೊತ್ತಾ, ಯಾರದೋ ತೊಡೆ ಮೇಲೆ ಕೂತ ಹಾಗಿದೆ. ನಾನು ಒಂಚೂರು ಎತ್ತರ ಆಗಿದ್ದೀನಿ" ಎಂದು ನಕ್ಕರು. ಎತ್ತರ ಎಂಬ ಮಾತು ಕೇಳಿಯೂ ನನಗೆ ಹೊಳೆಯಲಿಲ್ಲ. ನಾನೂ ನಕ್ಕೆ. ಮೆಕ್ಯಾನಿಕ್ ಅಳೆದರಾ ಎಂದು ನಾನು ಕೇಳಿದೆ. ಮೆಕ್ಯಾನಿಕ್ಕೇ, "ನಿಮ್ಮ ಮಾವನವರ ಸೀಟನ್ನ ಅಳೆಯೋದಾ? ಕಣ್ಮುಚ್ಚಿ ಸಹಿ ಹಾಕ್ಬೋದು" ಅಂದರಂತೆ. ಹಾಕಿದರಂತೆ. ಮೇಲಿಂದ ಹಳೆಯ ಕುಶನ್ ಅನ್ನು ನನಗೆ ಕುರ್ಚಿಗೆ ಇರಲಿ ಎಂದು ತಂದುಕೊಟ್ಟರು. ರಾತ್ರಿ ಶೆಡ್ಡಿನಲ್ಲೇ ಮಲಗಲು ಹೋದರು. ಬೆಳಕು ಹರಿಯುತ್ತಲೇ ಹೊರಡಬೇಕು, ಹೊಸ ಸೀಟಿನಲ್ಲಿ ಮೊದಲ ಸಲ, ಪೂರ್ತಿ ಔಷಧಿ ಹೇರಿಕೊಂಡು. ಹೋಗುವಾಗ ತೊಟ್ಟಿಲ ಹತ್ತಿರ ನಿಂತು, "ವಾಪಸ್ ಬಂದು ಎತ್ಕೋತೀನಿ, ನೋಡ್ತಿರು" ಎಂದು ಅವಳಿಗೆ ಹೇಳಿ ಹೋದರು.

ಅಪ್ಪ, ಸ್ಟಿಕ್. ನನ್ನ ಹೊಟ್ಟೆಗೆ ತಾಗಿ ನಿಂತಿದ್ದು. ಈಗ ಸೀಟಿನ ಮುಂದಿನ ಅಂಚು ಒಂದು ಬೆರಳು ಮೇಲೆದ್ದಿದೆ, ಅವರ ತೊಡೆಗಳೂ ಮೇಲೆದ್ದಿವೆ. ಇಳಿಯುವಾಗ ಪೂರಾ ಹಿಂದಕ್ಕೆ ಬರಬೇಕು ಎಂದು ಮೆಕ್ಯಾನಿಕ್ ಅವತ್ತು ನಗುತ್ತಾ ಹೇಳಿದ್ದರಲ್ಲ. ಬಾರದಿದ್ದರೆ? ಹೊರಡುವ ಮುಂಚೆ ಎಳೆದು ನೋಡುತ್ತಾರೆ, ನನಗೂ ಗೊತ್ತು. ಆದರೆ ಕಬ್ಬಿಣಕ್ಕೆ ಬಡಿದರೆ ಕೈಗೆ ತಿಳಿಯುತ್ತದೆ. ರೆಕ್ಸಿನ್ ಹೊದ್ದ ಅಂಚಿಗೆ ಸದ್ದಿಲ್ಲದೆ ಒತ್ತಿ ನಿಂತರೆ ಅದೇ ಕೊನೆ ಎಂದುಕೊಳ್ಳುವುದಿಲ್ಲವೇ? ಮೇಲಾಗಿ ಆ ಬೂದು ಫೋಮ್ ಬೆಳಗಿನ ಚಳಿಗೆ ಮರದ ತುಂಡಿನಷ್ಟು ಬಿರುಸು. ಕೂತು ಕಾಯಿಸಿದ ಮೇಲೆ ಮಾತ್ರ ತಗ್ಗುತ್ತದೆ. ಅಷ್ಟು ಹೊತ್ತು ಅವರನ್ನು ಯಾರು ಕೂರಲು ಬಿಡುತ್ತಾರೆ?

ಒಂದು ವೇಳೆ ನಡುವಿನ ಬಿಳಿ ಪದರವನ್ನು ಅಷ್ಟೇ ತೆಳ್ಳಗೆ ಮಾಡಿ ಸರಿದೂಗಿಸಿದ್ದೀರಾ? ಮಾಡಿದ್ದರೆ ಭಾನುವಾರ ಬಂದು ನನ್ನನ್ನು ನೋಡಿ ನಗಿ, ಊರಿಗೆಲ್ಲ ಹೇಳಿ ನಗಿ. ಆದರೆ ಇವರು ಎತ್ತರವಾಗಿದ್ದೀನಿ ಎಂದರಲ್ಲ.

ಕೇಳಿದವಳು ನಾನೇ. ಎರಡು ಬೆರಳು ಎಂದು ಪೀಡಿಸಿದವಳು, ಆ ಫೋಟೋ ಕಳಿಸಿದವಳು ನಾನೇ.

ಔಷಧಿ ಅಂಗಡಿ ಬಾಗಿಲು ಹಾಕಿದೆ. ನಮ್ಮ ಮನೆಯಲ್ಲಾಗಲಿ ಕೆಳಮನೆಯಲ್ಲಾಗಲಿ ಫೋನ್ ಇಲ್ಲ. ಇದ್ದರೂ ಶೆಡ್ಡಿನ ವಾಚ್‌ಮನ್ ನನ್ನ ದನಿ ಕೇಳಿದ ಕೂಡಲೇ "ಮಲಕ್ಕೊಳ್ಳಿ ಅಮ್ಮಾ" ಎಂದು ಇಟ್ಟುಬಿಡುತ್ತಾನೆ, ಇವರಿಗೆ ಹೇಳುವುದೂ ಇಲ್ಲ. ಶೆಡ್ಡಿಗೇ ಹೋಗಿ ಎಂದು ವ್ಯಾನಿನವರ ಕಾಲು ಹಿಡಿದೆ. ಶೆಡ್ಡು ಊರಿನ ಆ ತುದಿಗೆ, ಬೇಕರಿ ಈ ತುದಿಗೆ. "ಬ್ರೆಡ್ ತುಂಬಿಸ್ಕೊಂಡು ಅಷ್ಟು ದೂರ ಹೋಗೋ ಹೊತ್ತಿಗೆ ಅವರು ಮೇಲಿರ್ತಾರಮ್ಮ. ನಿಮ್ಮಪ್ಪ ಮಲಗೋ ಅಂಗಡಿ ದಾರೀಲೇ ಇದೆ, ಅಲ್ಲಿ ಫೋನಿದೆಯಲ್ಲ" ಎಂದರು. ಸರಿಯೇ. ನನ್ನ ಮಾತು ಬಾಣಂತಿ ಭಯ. ಆದರೆ ಆ ಸೀಟು ಹೊಲಿದವರೇ, ಸೀಟು ತಪ್ಪಾಗಿದೆ, ಬಿಚ್ಚಿ, ಹಳೆಯದನ್ನು ಹಾಕುವ ತನಕ ಹಾರಬೇಡಿ ಎಂದರೆ ಯಾರೂ ನಗುವುದಿಲ್ಲ.

ಆ ಮಾತು ನಿಮ್ಮ ಬಾಯಲ್ಲಿ ಬರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆ ಶೆಡ್ಡಿನಲ್ಲಿ ನಿಮ್ಮ ಕೆಲಸವನ್ನು ಇದುವರೆಗೆ ಯಾರೂ ಅಳೆದವರಿಲ್ಲ. ಇನ್ನು ಮುಂದೆ ಪ್ರತಿ ಸಲ ಅಳೆಯುತ್ತಾರೆ. ಅಳೆಯಲಿ ಅಪ್ಪ. ನನ್ನ ತಲೆ ಕೆಟ್ಟಿದೆ ಅಂತ ಬೇಕಾದರೂ ಹೇಳು, ಮಗಳು ಹಟ ಮಾಡಿದಳು, ಅದಕ್ಕೇ ಹಾಕಿದೆ ಅಂತ ಹೇಳು. ಏನಾದರೂ ಹೇಳು, ಆ ಸೀಟಿನ ಮೇಲೆ ಅವರು ಕೂರದ ಹಾಗೆ ಮಾಡು.

ಕೆಳಗೆ ಟ್ರೇ ಎಸೆಯುವುದು ನಿಂತಿದೆ, ಇಂಜಿನ್ ಶುರುವಾಯಿತು, ವ್ಯಾನಿನವರು ಕೂಗುತ್ತಿದ್ದಾರೆ. ನೀನು ಬಾಗಿಲು ತೆಗೆಯುವ ತನಕ ಷಟರ್ ಬಡಿಯಿರಿ ಎಂದು ಅವರಿಗೆ ಹೇಳಿದ್ದೇನೆ. ಓದುತ್ತಾ ನಿಲ್ಲಬೇಡ. ಕನ್ನಡಕ ಹುಡುಕಬೇಡ. ಫೋನು ನಿನ್ನ ಕತ್ತರಿ ನೇತುಹಾಕುವ ಮೊಳೆಯ ಪಕ್ಕದಲ್ಲೇ ಇದೆ, ಕತ್ತಲಲ್ಲೂ ನಿನ್ನ ಕೈಗೆ ಸಿಗುತ್ತೆ. ಆ ಸೀಟು ನಿನ್ನ ಅಂಗಡಿಗೆ ವಾಪಸ್ ಬರಬಾರದು, ಅಪ್ಪ. ಫೋನ್ ಮಾಡು. ಬೆಳಕು ಹರಿಯೋಕೆ ಮುಂಚೆ ಮಾಡು.

ನಿನ್ನ ಮೊಂಡಿ